ಬುಗುರಿಯ ಕಣ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಾಲೆಯ ಲೆಕ್ಕದಲ್ಲಿ ಮಾತ್ರ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಳ್ಳುತ್ತವೆ. ಶಾಲಾಮಕ್ಕಳ ಕ್ರೀಡಾಕೂಟಗಳು ಇಲ್ಲಿಯೂ ನಡೆಯುತ್ತವೆ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ಪಂದ್ಯಗಳು, ಓಟ, ಜಿಗಿತ, ಎಸೆತ ಮೊದಲಾದ ಮೇಲಾಟಗಳು ಅಲ್ಲಿ ಕ್ರಮವಾಗಿ ಜರುಗುತ್ತವೆ. ಬುಗುರಿಗೆ ಅಲ್ಲಿ ಎಡೆಯಿಲ್ಲ. ಎಡೆ ಬೇಕೆಂದು ಬುಗುರಿ ಎಂದೂ ಕೇಳಿದ್ದೂ ಇಲ್ಲ. ದೊಡ್ಡವರ ಅಪ್ಪಣೆಯಿಲ್ಲದೆ, ಶಿಳ್ಳೆ ಊದುವ ತೀರ್ಪುಗಾರನಿಲ್ಲದೆ, ಪ್ರಶಸ್ತಿಪತ್ರದ ಹಂಗಿಲ್ಲದೆ ಓಣಿಯ ಮಣ್ಣಿನಲ್ಲಿ ಹುಟ್ಟಿ ಬೆಳೆದ ಆಟವದು.

ಆ ಓಣಿಯ ಮಣ್ಣೇ ಈಗ ಕಾಣೆಯಾಗುತ್ತಿದೆ. ಊರೊಳಗಿನ ಬೀದಿಗಳಿಗೆ ಕಾಂಕ್ರೀಟು ಬಿದ್ದಿದೆ; ಮಕ್ಕಳ ಸಂಜೆಗಳು ಮನೆಪಾಠಕ್ಕೂ ಮೊಬೈಲಿಗೂ ಹಂಚಿಹೋಗಿವೆ. ಮಕ್ಕಳು ತಾವಾಗಿ ಆಡುವುದನ್ನು ಬಿಟ್ಟ ಆಟವನ್ನು ದೊಡ್ಡವರು ಕೈಹಿಡಿದು ಮೇಲೆತ್ತಬೇಕೆಂಬ ಉತ್ಸಾಹ ಅಲ್ಲಲ್ಲಿ ತಲೆದೋರಿದೆ. ಜಾತ್ರೆಯಲ್ಲೋ ರಾಜ್ಯೋತ್ಸವದಲ್ಲೋ ಗ್ರಾಮೀಣ ಆಟಗಳ ಜೊತೆಗೆ ಬುಗುರಿಯ ಪಂದ್ಯವನ್ನೂ ಇಡೋಣವೆಂದು ಯುವಕ ಸಂಘಗಳು ಯೋಚಿಸುವುದುಂಟು. ಯೋಚನೆ ಒಳ್ಳೆಯದೇ. ಆದರೆ ಒಂದು ಆಟವನ್ನು ಕಾಪಾಡಲು ಹೋಗಿ ಅದರ ಜೀವವನ್ನೇ ಹಿಂಡಿಬಿಡುವುದೂ ಸಾಧ್ಯ. ಆದ್ದರಿಂದ ಪಂದ್ಯವನ್ನು ಏರ್ಪಡಿಸುವವರು ಪೆಂಡಾಲಿನ ಅಳತೆಯನ್ನು ಗೊತ್ತುಮಾಡುವುದಕ್ಕೆ ಮೊದಲು, ಈ ಆಟದ ಜೀವ ಎಲ್ಲಿದೆ ಎಂಬುದನ್ನು ಅರಿತಿರಬೇಕು.

ಬುಗುರಿಯ ಸಾಮಗ್ರಿ ಅಲ್ಪ. ಮೇಲೆ ದುಂಡಾಗಿ, ಕೆಳಕ್ಕೆ ಚೂಪಾಗುತ್ತ ಹೋಗುವ ಒಂದು ಮರದ ತುಂಡು. ಅದರ ತುದಿಗೆ ಒಂದು ಕಬ್ಬಿಣದ ಮೊಳೆ. ಸುತ್ತಲು ಒಂದು ದಾರ. ಈ ದಾರಕ್ಕೆ ಚಾಟಿ ಎಂದು ಹೆಸರು. ಚಾಟಿಯ ಒಂದು ಕೊನೆಗೆ ಗಂಟು ಹಾಕಿಯೋ, ತೂತು ಮಾಡಿದ ಸೋಡಾ ಬಾಟಲಿಯ ಮುಚ್ಚಳವನ್ನು ಕಟ್ಟಿಯೋ ಬೆರಳ ಸಂದಿಯಲ್ಲಿ ಹಿಡಿದುಕೊಳ್ಳುತ್ತಾರೆ. ಇನ್ನೊಂದು ಕೊನೆಯನ್ನು ಮೊಳೆಯ ಬುಡದಿಂದ ಆರಂಭಿಸಿ ಸುತ್ತಿನ ಪಕ್ಕಕ್ಕೆ ಸುತ್ತು ಕೂರುವಂತೆ ಬಿಗಿಯಾಗಿ ಮೇಲಕ್ಕೆ ಸುತ್ತುತ್ತಾರೆ. ಒಂದು ಸುತ್ತು ಇನ್ನೊಂದರ ಮೇಲೇರಿದರೆ ಬುಗುರಿ ನೆಲಕ್ಕೆ ಬಿದ್ದು ಹೊರಳುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೈ ಬೀಸಿ ಎಸೆದ ಬುಗುರಿ ನೆಲ ಮುಟ್ಟುವ ಮೊದಲೇ ಚಾಟಿಯನ್ನು ಹಿಂದಕ್ಕೆ ಸೆಳೆಯಬೇಕು. ಆ ಸೆಳೆತದಲ್ಲಿಯೇ ಅದರ ಆಯುಷ್ಯವಿದೆ.

ಹೆಸರುಗಳಂತೂ ಹಲವು. ಬಹುಪಾಲು ಆಂಧ್ರಪ್ರದೇಶದ ನೆಲದಿಂದಲೇ ಸುತ್ತುವರಿದಿರುವ ಪಾವಗಡದಲ್ಲಿ ಅನೇಕರ ಮನೆಮಾತು ತೆಲುಗು. ಆ ಮಾತಿನಲ್ಲಿ ಇದು ಬೊಂಗರಂ. ಒಂದು ಕಾಲಕ್ಕೆ ಮೊಗಲರ ಪ್ರಾಂತವೊಂದರ ರಾಜಧಾನಿಯಾಗಿದ್ದ ಶಿರಾದ ಉರ್ದು ಮಾತನಾಡುವ ಮನೆಗಳಲ್ಲಿ ಇದೇ ಲಟ್ಟು. ಹೆಸರು ಯಾವುದಾದರೂ ಬುಗುರಿ ಒಂದೇ. ಆಟದ ಕಟ್ಟಳೆ ಮಾತ್ರ ಒಂದಲ್ಲ.

ಸಾಮಾನ್ಯವಾಗಿ ಆಟ ಹೀಗೆ ನಡೆಯುತ್ತದೆ. ನೆಲದ ಮೇಲೆ ಒಂದು ವೃತ್ತವನ್ನು ಕೊರೆಯುತ್ತಾರೆ. ಎಲ್ಲರೂ ಒಟ್ಟಿಗೆ ಬುಗುರಿ ಬಿಟ್ಟು, ತಿರುಗುತ್ತಿರುವಾಗಲೇ ಅದನ್ನು ಚಾಟಿಯಿಂದ ಮೇಲಕ್ಕೆತ್ತಿ ಕೈಗೆ ತಂದುಕೊಳ್ಳಬೇಕು. ಕೊನೆಯವನಾದವನು ತನ್ನ ಬುಗುರಿಯನ್ನು ವೃತ್ತದ ನಡುವೆ ಇಡಬೇಕು. ಉಳಿದವರು ಅದಕ್ಕೆ ಗುರಿಯಿಟ್ಟು ತಮ್ಮ ಬುಗುರಿಗಳನ್ನು ಎಸೆಯುತ್ತಾರೆ. ಏಟು ತಗುಲಿ ಅದು ವೃತ್ತದಾಚೆಗೆ ಹಾರಿದರೆ ಒಡೆಯನಿಗೆ ಬಿಡುಗಡೆ. ಎಸೆದವನ ಬುಗುರಿ ತಿರುಗದೆ ವೃತ್ತದೊಳಗೇ ಮಲಗಿದರೆ ಅದೂ ಅಲ್ಲಿಯೇ ಸೆರೆ. ಕೆಲವೆಡೆ ಸೋತವನ ಬುಗುರಿಯನ್ನು ಏಟಿನಿಂದ ಏಟಿಗೆ ತಳ್ಳುತ್ತ ದೂರದ ಗೆರೆಯವರೆಗೆ ಒಯ್ಯುವುದುಂಟು. ಇನ್ನು ಕೆಲವೆಡೆ ಹೊಡೆದಾಟವೇ ಇಲ್ಲ. ಯಾರ ಬುಗುರಿ ಹೆಚ್ಚು ಹೊತ್ತು ನಿಲ್ಲುತ್ತದೆಂಬುದೇ ಪಂದ್ಯ. ಹೊಡೆದಾಟವಿರುವ ಆಟದ ಕೊನೆಗೆ ಬರುವುದು ಗುನ್ನ. ಸೋತವನ ಬುಗುರಿಯ ನೆತ್ತಿಗೆ ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಕುಟ್ಟಿ ಮಾಡುವ ಗಾಯ ಅದು. ಎಷ್ಟು ಗುನ್ನ ಎಂಬುದು ಆಟಕ್ಕೆ ಮೊದಲೇ ಆದ ಒಪ್ಪಂದ. ಮರ ಒಣಗಿ ಬಿರುಕುಬಿಟ್ಟಿದ್ದರೆ ಒಂದೇ ಗುನ್ನಕ್ಕೆ ಬುಗುರಿ ಎರಡು ಹೋಳು. ಯಾರಿಗೋ ಗುನ್ನ ಬಿತ್ತೆಂದು ಪತ್ರಿಕೆಯ ತಲೆಬರಹದಲ್ಲಿ ಓದಿದರೆ, ಬುಗುರಿಯನ್ನು ಮುಟ್ಟದವನಿಗೂ ಅರ್ಥ ಹೊಳೆಯದಿರದು.

ನಿಂತ ಬುಗುರಿಯ ಸೊಬಗನ್ನು ಮಕ್ಕಳು ಮಾತ್ರ ನೋಡಿದವರಲ್ಲ. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ಒಂದೇ ವಸ್ತು ಒಂದೇ ಕಾಲಕ್ಕೆ ಚಲಿಸುತ್ತಲೂ ನಿಶ್ಚಲವಾಗಿಯೂ ಇರಬಲ್ಲುದೇ ಎಂಬ ತೊಡಕನ್ನು ಬಿಡಿಸುವಾಗ ಬುಗುರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ನೀಲ್ಸ್ ಬೋರ್ ಮತ್ತು ವುಲ್ಫ್‌ಗಾಂಗ್ ಪೌಲಿ ಇಬ್ಬರೂ ಸ್ವೀಡನ್ನಿನಲ್ಲಿ 1950ರ ದಶಕದಲ್ಲೊಮ್ಮೆ ನೆಲಕ್ಕೆ ಬಾಗಿ, ತಲೆಕೆಳಗಾಗಿ ನಿಲ್ಲುವ ಒಂದು ಬಗೆಯ ಬುಗುರಿಯನ್ನು ಬೆರಗಿನಿಂದ ನೋಡುತ್ತಿರುವ ಛಾಯಾಚಿತ್ರವೊಂದು ಪ್ರಸಿದ್ಧವಾಗಿದೆ. ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಓರೆಯಾದ ಬುಗುರಿಯನ್ನು ಭೂಮಿ ಕೆಳಕ್ಕೆಳೆದರೆ ಅದು ಬೀಳುವುದರ ಬದಲು ತನ್ನ ತಲೆಯನ್ನು ನಿಧಾನವಾಗಿ ಸುತ್ತ ತಿರುಗಿಸುತ್ತದೆ. ಭೂಮಿಯೂ ಹೀಗೆಯೇ ಓರೆಯಾಗಿ ತಿರುಗುವ ಬುಗುರಿ. ಅದರ ಅಕ್ಷ ಇಂಥ ಒಂದು ಸುತ್ತನ್ನು ಮುಗಿಸಲು ಸುಮಾರು 26,000 ವರ್ಷ ಹಿಡಿಯುತ್ತದೆ. ಅದು ಹಾಗಿರಲಿ, ಪಂದ್ಯದ ಮಾತಿಗೆ ಬರಬೇಕು.

ಪಂದ್ಯ ಏರ್ಪಡಿಸುವವರಿಗೆ ಮೊದಲು ತೋಚುವುದು ನಿಯಮಾವಳಿ. ಎಲ್ಲರಿಗೂ ಒಂದೇ ಅಳತೆಯ ಬುಗುರಿ, ಒಂದೇ ಉದ್ದದ ಚಾಟಿ, ಒಂದೇ ಬಗೆಯ ಆಟ, ಅಂಕಗಳ ಪಟ್ಟಿ. ಇದರಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಇದೇ ದಾರಿಯನ್ನು ತುಳಿದ ಇನ್ನೊಂದು ಆಟದ ಕಥೆಯನ್ನು ಇಲ್ಲಿ ನೆನೆಯುವುದು ಮೇಲು. ಕಬಡ್ಡಿ ಒಂದು ಕಾಲಕ್ಕೆ ಒಂದೇ ಆಟವಾಗಿರಲಿಲ್ಲ. ಒಂದೆಡೆ ಹುತುತು, ಇನ್ನೊಂದೆಡೆ ಚೆಡುಗುಡು ಎಂದು ಅದರ ಹೆಸರೇ ಬೇರೆ ಬೇರೆ. ಹೊರಗೆ ಹೋದ ಆಟಗಾರ ತನ್ನ ಪಕ್ಷ ಅಂಕ ಗಳಿಸಿದೊಡನೆ ಮರಳಿ ಬರುವ ‘ಸಂಜೀವನಿ’, ಒಮ್ಮೆ ಹೋದವನು ಪಕ್ಷವೆಲ್ಲ ಮುಗಿಯುವವರೆಗೆ ಹೊರಗೇ ಉಳಿಯುವ ‘ಗಾಮಿನಿ’, ಯಾರೂ ಹೊರಗೆ ಹೋಗದೆ ಅಂಕಗಳನ್ನಷ್ಟೇ ಎಣಿಸುವ ‘ಅಮರ’ ಎಂದು ಅದರ ಪದ್ಧತಿಗಳೂ ಬೇರೆ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟದ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಈ ಆಟವನ್ನು ಪ್ರದರ್ಶಿಸಿದರು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು. ಅಷ್ಟು ಹೊತ್ತಿಗೆ ಸಂಜೀವನಿಯ ಮಾದರಿಯೇ ಕಬಡ್ಡಿಯೆಂದು ನಿಂತುಹೋಗಿತ್ತು. ಕಬಡ್ಡಿ ಪಡೆದದ್ದು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಾಮಿನಿಯನ್ನಾಗಲಿ ಅಮರವನ್ನಾಗಲಿ ಆಡಬಲ್ಲ ಮಕ್ಕಳು ಇಂದು ಎಷ್ಟು ಮಂದಿ? ಏಷ್ಯದ ಕೂಟಕ್ಕೆ ಹೋಗಬೇಕಾದ ಆಟಕ್ಕೆ ಒಂದೇ ನಿಯಮ ಅನಿವಾರ್ಯ. ಮಧುಗಿರಿಯಿಂದ ಕೊರಟಗೆರೆಗೆ ಹೋಗಬೇಕಾದ ಆಟಕ್ಕೆ ಆ ಅನಿವಾರ್ಯವೇನೂ ಇಲ್ಲ.

ಹಾಗಾದರೆ ನಾಲ್ಕು ತಾಲ್ಲೂಕುಗಳ ಮಕ್ಕಳು ಒಂದೆಡೆ ಸೇರಿದಾಗ ಯಾರ ಕಟ್ಟಳೆ ನಡೆಯಬೇಕು? ಇದಕ್ಕೆ ಅತಿಥಿಸತ್ಕಾರದ ರೂಢಿಯಲ್ಲಿಯೇ ಉತ್ತರವಿದೆ. ಯಾರ ಮನೆಯ ಊಟವೋ ಅವರ ಮನೆಯ ಅಡುಗೆ. ಪಂದ್ಯ ಯಾವ ಊರಿನಲ್ಲಿ ನಡೆಯುತ್ತದೆಯೋ ಆ ಊರಿನ ಮಕ್ಕಳ ಕಟ್ಟಳೆಯೇ ಆ ದಿನದ ಶಾಸನವಾಗಲಿ. ಬೆಳಿಗ್ಗೆ ಅತಿಥೇಯ ಊರಿನ ಹುಡುಗರು ಬಂದವರಿಗೆಲ್ಲ ತಮ್ಮ ಆಟವನ್ನು ಆಡಿ ತೋರಿಸಲಿ, ಒಂದು ಗಂಟೆ ಕಾಲ ಬಂದವರು ಅಭ್ಯಾಸ ಮಾಡಲಿ, ಅನಂತರ ಪಂದ್ಯ. ಮುಂದಿನ ಸಲ ಇನ್ನೊಂದು ತಾಲ್ಲೂಕು, ಇನ್ನೊಂದು ಕಟ್ಟಳೆ. ಇದರಿಂದ ಅತಿಥೇಯರಿಗೆ ಅನುಕೂಲ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ಹೆಚ್ಚೇ ಸರಿ. ಆದರೆ ಆ ಅನುಕೂಲ ಸರದಿಯಂತೆ ಎಲ್ಲರಿಗೂ ಬರುತ್ತದೆ. ಅಲ್ಲದೆ ಇನ್ನೊಬ್ಬರ ಕಟ್ಟಳೆಯಲ್ಲಿ ಆಡಿ ಗೆದ್ದವನ ಗೆಲುವು ತನ್ನ ಓಣಿಯಲ್ಲಿ ಗೆದ್ದವನ ಗೆಲುವಿಗಿಂತ ತೂಕವಾದದ್ದೆಂದು ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾವಗಡದ ಸರದಿ ಬಂದಾಗ ಗಡಿಯಾಚೆಯ ಮಡಕಶಿರಾದ ಮಕ್ಕಳನ್ನೂ ಕರೆದರೆ ತಪ್ಪೇನು? ಆ ಊರು ಆಂಧ್ರಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಮಾತನಾಡುವವರಿದ್ದಾರೆ. ಬೊಂಗರಂ ಆಡುವವರಿಗಂತೂ ಯಾವ ಗಡಿಯೂ ಇಲ್ಲ.

ಎರಡನೆಯ ಪ್ರಶ್ನೆ ಗುನ್ನದ್ದು. ನಿಜವಾದ ಜಗಳ ಇರುವುದು ಇಲ್ಲಿಯೇ. ಮಗುವೊಂದು ಆಸೆಯಿಂದ ತಂದ ಬುಗುರಿಯನ್ನು ನೂರಾರು ಜನರ ಎದುರಿಗೆ ಕುಟ್ಟಿ ಸೀಳುವುದು ಕ್ರೌರ್ಯವಲ್ಲವೇ, ಅದನ್ನು ಬಿಟ್ಟುಬಿಡೋಣ ಎಂದು ಹಿರಿಯರು ಹೇಳುವುದು ಸಹಜ. ಅವರ ಕರುಣೆ ಮೆಚ್ಚತಕ್ಕದ್ದು, ತೀರ್ಮಾನ ಒಪ್ಪತಕ್ಕದ್ದಲ್ಲ. ಗುನ್ನವಿಲ್ಲದ ಬುಗುರಿಯಾಟದಲ್ಲಿ ಸೋಲಿಗೆ ಬೆಲೆಯಿಲ್ಲ. ಸೋಲಿಗೆ ಬೆಲೆಯಿಲ್ಲದಲ್ಲಿ ಎಚ್ಚರವೂ ಇಲ್ಲ. ಹುಡುಗ ತನ್ನ ಬುಗುರಿಗೆ ಗಟ್ಟಿಮರವನ್ನೇ ಹುಡುಕಿದ್ದು, ಮೊಳೆ ನೆಟ್ಟಗಿದೆಯೇ ಎಂದು ನಾಲ್ಕು ಸಲ ಕಣ್ಣಳತೆ ನೋಡಿದ್ದು, ಚಾಟಿಯನ್ನು ಒದ್ದೆ ಮಾಡಿ ಹುರಿಮಾಡಿದ್ದು ಎಲ್ಲವೂ ಆ ಗುನ್ನದ ಭಯದಿಂದ. ಇಂಗ್ಲೆಂಡಿನ ಹುಡುಗರೂ ವೃತ್ತ ಕೊರೆದು ಇಂಥದೇ ಮೊಳೆಯ ಬುಗುರಿಗಳಿಂದ ಒಬ್ಬರ ಬುಗುರಿಯನ್ನು ಇನ್ನೊಬ್ಬರು ಸೀಳುತ್ತಿದ್ದರು. ಜಪಾನಿನ ಬೇಗೋಮ ಎಂಬ ಚಿಕ್ಕ ಬುಗುರಿಯ ಆಟದಲ್ಲಿ ಸೋತವನ ಬುಗುರಿ ಗೆದ್ದವನ ಜೇಬು ಸೇರುವ ರೂಢಿಯಿತ್ತು. ಆ ಬೇಗೋಮದಿಂದಲೇ ಪ್ರೇರಣೆ ಪಡೆದು 1999ರಲ್ಲಿ ಜಪಾನಿನ ಕಂಪೆನಿಯೊಂದು ಬೇಬ್ಲೇಡ್ ಎಂಬ ಪ್ಲಾಸ್ಟಿಕ್ ಮತ್ತು ಲೋಹದ ಬುಗುರಿಯನ್ನು ಮಾರುಕಟ್ಟೆಗೆ ತಂದಿತು. ಪಟ್ಟಣದ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಅದರಲ್ಲಿ ಬುಗುರಿಗಳು ಡಿಕ್ಕಿಹೊಡೆದು ಬಿಡಿಭಾಗಗಳಾಗಿ ಸಿಡಿಯಬಹುದು, ಮತ್ತೆ ಜೋಡಿಸಿದರೆ ಆಯಿತು. ಹಾನಿಯಿಲ್ಲ, ನಿಜ. ಆದರೆ ಗುನ್ನ ತಿಂದೂ ಒಡೆಯದೆ ಉಳಿದ ಹಳೆಯ ಬುಗುರಿಯನ್ನು ಬೆರಳಿನಿಂದ ಸವರಿ, ಇದು ಇಂಥವನು ಹೊಡೆದದ್ದು, ಅದು ಇಂಥವನದು ಎಂದು ಎಣಿಸುವ ಹೆಮ್ಮೆಯೂ ಅಲ್ಲಿಲ್ಲ.

ಕ್ರೌರ್ಯವನ್ನು ತಗ್ಗಿಸುವ ಉಪಾಯವನ್ನೂ ಮಕ್ಕಳೇ ಕಂಡುಹಿಡಿದಿದ್ದಾರೆ. ಜಾಣನಾದವನು ಎರಡು ಬುಗುರಿ ಇಟ್ಟುಕೊಳ್ಳುತ್ತಾನೆ: ಆಡುವುದಕ್ಕೊಂದು, ಸೋತಾಗ ವೃತ್ತದಲ್ಲಿ ಇಡುವುದಕ್ಕೆ ಹಳೆಯದೊಂದು. ಎದುರಾಳಿ ಒಪ್ಪಿದರೆ ಅದು ನಡೆಯುತ್ತದೆ. ಪಂದ್ಯದಲ್ಲಿಯೂ ಇದನ್ನೇ ಅನುಸರಿಸಬಹುದು. ಎರಡನೆಯ ಬುಗುರಿ ಕೊಳ್ಳಲಾರದ ಮಗುವಿಗೆ ಏರ್ಪಡಿಸಿದವರು ಒಂದನ್ನು ಕೊಟ್ಟರೆ, ಹೂಮಾಲೆಗೆ ತಗಲುವ ಖರ್ಚಿಗಿಂತ ಅದು ಹೆಚ್ಚಾಗದು. ಗುನ್ನ ಎಷ್ಟೆಂಬುದನ್ನು ಮಾತ್ರ ಆಡುವ ಇಬ್ಬರೇ ಮೊದಲು ಒಪ್ಪಿಕೊಳ್ಳಬೇಕು. ಮೇಜಿನ ಹಿಂದೆ ಕುಳಿತವರು ಅದನ್ನು ಗೊತ್ತುಪಡಿಸಬಾರದು.

ಕರುಣೆಯನ್ನು ತೋರಬೇಕಾದ ಜಾಗ ಬೇರೊಂದಿದೆ. ಬೀಸಿ ಎಸೆದ ಬುಗುರಿಯ ಮೊಳೆ ಕಣ್ಣಿಗೆ ಬಡಿದರೆ ಆ ಹಾನಿಗೆ ಪರಿಹಾರವಿಲ್ಲ. ಓಣಿಯಲ್ಲಿ ಐದಾರು ಮಂದಿ ಆಡುವಾಗ ಯಾರು ಎಲ್ಲಿ ನಿಂತಿದ್ದಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಜಾತ್ರೆಯ ಜಂಗುಳಿಯಲ್ಲಿ ಹಾಗಲ್ಲ. ನೋಡುವವರು ಮುಂದೆ ಮುಂದೆ ನುಗ್ಗುತ್ತಾರೆ. ಚಿಕ್ಕ ಮಕ್ಕಳು ಕಾಲ ಸಂದಿಯಿಂದ ಇಣುಕುತ್ತಾರೆ. ಆದ್ದರಿಂದ ವೃತ್ತದ ಸುತ್ತ ಸಾಕಷ್ಟು ದೂರದಲ್ಲಿ ಹಗ್ಗ ಕಟ್ಟಿ, ಎಸೆಯುವವನ ಎದುರು ದಿಕ್ಕಿನಲ್ಲಿ ಯಾರೂ ನಿಲ್ಲದಂತೆ ಬಿಗಿಯಾಗಿ ನೋಡಿಕೊಳ್ಳಬೇಕು. ಈ ವಿಷಯದಲ್ಲಿ ಸಡಿಲ ಸಲ್ಲದು.

ನೆಲದ ವಿಷಯವೂ ಅಲ್ಪವಲ್ಲ. ಸಿಮೆಂಟಿನ ಮೇಲೆ ಮೊಳೆ ಜಾರುತ್ತದೆ, ಮೊಂಡಾಗುತ್ತದೆ. ಮರಳಿನಲ್ಲಿ ಹೂತು ನಿಲ್ಲುತ್ತದೆ. ಬುಗುರಿಗೆ ತಕ್ಕ ನೆಲ ಒಕ್ಕಲು ಕಣ. ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಬಗ್ಗಡದಿಂದ ಸಾರಿಸಿದ ಆ ನೆಲ ಗಟ್ಟಿಯೂ ಹೌದು, ಮೊಳೆಗೆ ಕಚ್ಚಿಕೊಳ್ಳಲು ಎಡೆ ಕೊಡುವಂಥದೂ ಹೌದು. ರಾಗಿ ಮನೆ ಸೇರಿದ ಮೇಲೆ ಬರಿದಾದ ಕಣ, ಬಿಡುವಾದ ಕೈ, ಮಳೆಯ ಭಯವಿಲ್ಲದ ಆಕಾಶ ಮೂರೂ ಒಟ್ಟಿಗೆ ಒದಗುವ ಕಾಲವೊಂದುಂಟು. ಬಯಲುಸೀಮೆಯ ಈ ತಾಲ್ಲೂಕುಗಳಲ್ಲಿ ಪಂದ್ಯಕ್ಕೆ ಅದೇ ಹದವಾದ ಹೊತ್ತು. ಆದರೆ ಕಣಗಳೇ ಈಗ ವಿರಳ. ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸುವುದು ವಾಡಿಕೆಯಾಗಿದೆ. ಪಾವಗಡದ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ನೆಲವನ್ನು ರೈತರು ಗುತ್ತಿಗೆಗೆ ಕೊಟ್ಟು ಅಲ್ಲಿ ಸೌರಫಲಕಗಳು ಎದ್ದಿವೆ, ಬೆಳೆಯಿಲ್ಲದಲ್ಲಿ ಕಣವೆಲ್ಲಿ? ಬರದ ನಾಡಿಗೆ ಆ ಗುತ್ತಿಗೆಯ ಹಣ ಆಸರೆಯಾಗಿರುವುದನ್ನೂ ಮರೆಯಬಾರದು. ಹೇಗೂ ಪಂದ್ಯಕ್ಕಾಗಿ ಒಂದು ಕಣವನ್ನು ಹೊಸದಾಗಿ ಮಾಡಬೇಕಾಗಬಹುದು. ಮಾಡಲಿ. ಕಣ ಮಾಡುವುದನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಉದ್ಘಾಟನೆಗೆ ಬೇರೆ ಅತಿಥಿಯನ್ನು ಹುಡುಕುವುದಕ್ಕಿಂತ ಅವರ ಕೈಯಿಂದ ನೆಲ ಸಾರಿಸಿದರೆ ಸಾಕು.

ಸುಗ್ಗಿಯಾದ ಮೇಲೆ ಊರು ಊರುಗಳ ನಡುವೆ ಬುಗುರಿಯ ಪಂದ್ಯ ನಡೆಸುವುದು ಈ ನೆಲಕ್ಕೆ ಮಾತ್ರ ಹೊಳೆಯುವ ಸಂಗತಿಯಲ್ಲ. ಮಲೇಷ್ಯದ ಕೆಲಾಂತನ್ ಪ್ರಾಂತದಲ್ಲಿ ಗಾಸಿಂಗ್ ಎಂಬ ಬುಗುರಿಯನ್ನು ಬೆಳೆದ ಗಂಡಸರು ಬತ್ತದ ಕೊಯ್ಲಾದ ಮೇಲೆ ಹಳ್ಳಿ ಹಳ್ಳಿಗಳ ಪಂದ್ಯವಾಗಿ ಆಡುತ್ತ ಬಂದಿದ್ದಾರೆ. ತಟ್ಟೆಯಷ್ಟು ಅಗಲದ, 5 ಕಿಲೋ ತೂಕದವರೆಗಿನ ಬುಗುರಿಗಳು ಅಲ್ಲಿವೆ. ಒಬ್ಬನು ಹಗ್ಗ ಸುತ್ತಿ ಎಸೆಯುತ್ತಾನೆ. ಇನ್ನೊಬ್ಬನು ತಿರುಗುವ ಬುಗುರಿಯನ್ನು ಹಲಗೆಯಿಂದ ಎತ್ತಿ ಕಂಬದ ಮೇಲೆ ಕೂರಿಸುತ್ತಾನೆ. ಒಳ್ಳೆಯ ಗಾಸಿಂಗ್ ಎರಡು ಗಂಟೆಯ ಕಾಲ ತಿರುಗುವುದುಂಟು. ನಿಲ್ಲುವ ಪಂದ್ಯವೂ ಹೊಡೆಯುವ ಪಂದ್ಯವೂ ಅಲ್ಲಿ ಬೇರೆ ಬೇರೆಯಾಗಿಯೇ ಉಳಿದಿವೆ. ಒಂದು ಇನ್ನೊಂದನ್ನು ನುಂಗಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಊರಿಗೊಂದು ದೊಡ್ಡ ಬುಗುರಿ ಇರುತ್ತಿತ್ತಂತೆ. ಚಳಿಗಾಲದಲ್ಲಿ ಜನ ಅದನ್ನು ಚಾಟಿಯಿಂದ ಹೊಡೆದು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ. ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಆ ಊರ ಬುಗುರಿಯ ಪ್ರಸ್ತಾಪವಿದೆ.

ಇನ್ನು ಹೆಣ್ಣುಮಕ್ಕಳ ಮಾತು. ಬುಗುರಿ ಗಂಡುಹುಡುಗರ ಆಟ, ಹೆಣ್ಣುಮಕ್ಕಳಿಗೆ ಕುಂಟಬಿಲ್ಲೆ ಎಂದು ಯಾರು ಯಾವಾಗ ಹಂಚಿದರೋ! ಸಂಪ್ರದಾಯವನ್ನು ಉಳಿಸಬೇಕೆನ್ನುವವರು ಈ ಹಂಚಿಕೆಯನ್ನೂ ಸಂಪ್ರದಾಯವೆಂದು ಉಳಿಸಲು ಹೊರಡಬಹುದು. ಅದು ಸಲ್ಲದು. ಚಾಟಿಯ ಸೆಳೆತಕ್ಕೆ ಬೇಕಾದುದು ತೋಳಿನ ಬಲವಲ್ಲ, ಮಣಿಕಟ್ಟಿನ ಹದ. ಹೆಣ್ಣುಮಕ್ಕಳಿಗೆ ಬೇರೆ ಪಂದ್ಯವೂ ಬೇಡ. ಒಂದೇ ವೃತ್ತ, ಒಂದೇ ಕಟ್ಟಳೆ, ಒಂದೇ ಗುನ್ನ.

ಬಹುಮಾನವಾಗಿ ಹಣವನ್ನು ಇಡದಿರುವುದು ಲೇಸು. ಹಣ ಬಂದೊಡನೆ ವೃತ್ತದ ಸುತ್ತ ದೊಡ್ಡವರ ತಗಾದೆ ಹುಟ್ಟುತ್ತದೆ. ಗೆದ್ದವರಿಗೆ ಒಳ್ಳೆಯದೊಂದು ಬುಗುರಿ ಕೊಟ್ಟರೆ ಆಯಿತು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಲೇಪಿಸಿ ಮಾಡುವ ಬುಗುರಿಗಳು ನೋಡಲು ಬಲು ಚೆಂದ. ಬಹುಮಾನಕ್ಕೆ ಅವು ಒಪ್ಪುತ್ತವೆ. ಆದರೆ ಆಲೆ ಮೆದುವಾದ ಮರ, ಹೊಡೆದಾಟಕ್ಕೆ ಒಗ್ಗುವುದಲ್ಲ. ಆಡುವ ಬುಗುರಿ ಜಾಲಿ, ಹುಣಿಸೆಯಂಥ ಗಟ್ಟಿಮರದ್ದೇ ಆಗಬೇಕು. ಅದನ್ನು ಬಾಚಿಯಿಂದ ಕೆತ್ತಿಯೋ ತಿರುಗಣಿಯಲ್ಲಿ ಕಡೆದೋ ಕೊಡುವ ಬಡಗಿ ಹತ್ತಿರದ ಊರಿನಲ್ಲೇ ಸಿಕ್ಕಬೇಕು. ಬಾಗಿಲು ಕಿಟಕಿಗಳು ಸಿದ್ಧವಾಗಿಯೇ ಅಂಗಡಿಗೆ ಬರುವ ಈ ದಿನಗಳಲ್ಲಿ ಆ ಬಡಗಿಗೆ ಬುಗುರಿಯ ಕೆಲಸ ಯಾರೂ ಹೇಳುವುದಿಲ್ಲ. ಪಂದ್ಯಕ್ಕೆ ಒಂದು ತಿಂಗಳ ಮೊದಲೇ ಏರ್ಪಡಿಸಿದವರು ಅವನ ಬಳಿಗೆ ಮರದ ತುಂಡುಗಳನ್ನು ಕೊಂಡೊಯ್ಯಲಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಲಿ. ಪಂದ್ಯದ ದಿನ ಕಣದ ಪಕ್ಕದಲ್ಲಿ ಅವನಿಗೊಂದು ನೆರಳಿನ ಜಾಗ ಬೇಕು. ನಾಲ್ಕಾರು ಏಟು ಬಿದ್ದ ಮೇಲೆ ಮೊಳೆಗಳು ಸಡಿಲವಾಗುತ್ತವೆ. ಅವನ್ನು ಕಿತ್ತು, ಮರಕ್ಕೆ ಸಣ್ಣ ಚಕ್ಕೆ ಸೇರಿಸಿ, ಮತ್ತೆ ನೆಟ್ಟಗೆ ಹೊಡೆದುಕೊಡುವವರು ಬೇರೆ ಯಾರೂ ಅಲ್ಲಿರುವುದಿಲ್ಲ.